ಟ್ರಾನ್ಸಿಷನಲ್ ಎಪಿಥೀಲಿಯಂನ (ಮೂತ್ರಕೋಶದ ಒಳಗೋಡೆಯ ಹೊದಿಕೆ) ಪದರಗಳ ಲೆಕ್ಕ ನೆನಪಿಟ್ಟುಕೊಳ್ಳುವುದು ಹೇಗೆ? ಸ್ಲೈಡ್ ಚಿತ್ರಗಳ ಪುಸ್ತಕ, ಅಂದರೆ ಅಟ್ಲಾಸ್, ಯಾವುದು ಒಳ್ಳೆಯದು?

ಲೆಕ್ಕ ನೆನಪಿಟ್ಟುಕೊಳ್ಳಲೇಬೇಡಿ. ನಾನು ಇಟ್ಟುಕೊಂಡಿದ್ದೆ, ಅದಕ್ಕೇ ಎರಡು ಮಾರ್ಕಿಗೆ ಫೇಲಾದೆ.

ದಾವಣಗೆರೆಯಲ್ಲಿ ಮೊದಲ ವರ್ಷ ಓದುವಾಗ ಹಾಸ್ಟೆಲ್ ಗೋಡೆಗೆ ಚೀಟಿ ಅಂಟಿಸಿದ್ದೆ: ‘5-6 ಪದರ = ಮೂತ್ರಕೋಶ’. ಪ್ರಾಕ್ಟಿಕಲ್ ದಿನ ಸ್ಲೈಡ್ ನೋಡಿ ಎಣಿಸಿದೆ. ಮೂರೇ ಪದರ, ಮೇಲಿನ ಜೀವಕೋಶಗಳು ಚಪ್ಪಟೆ. ‘ಸ್ಟ್ರಾಟಿಫೈಡ್ ಸ್ಕ್ವೇಮಸ್, ಅನ್ನನಾಳ’ ಅಂತ, ಅಂದರೆ ಚಪ್ಪಟೆ ಜೀವಕೋಶಗಳ ಹಲವು ಪದರ ಅಂತ ಬರೆದು, ಗುರುತಿಸಬೇಕಾದ ಮುಂದಿನ ಸ್ಪಾಟರ್‌ಗೆ ಹೋದೆ. ಅದು ಮೂತ್ರಕೋಶವೇ ಆಗಿತ್ತು. ಹಿಗ್ಗಿದ ಮೂತ್ರಕೋಶ.

ಖಾಲಿ ಇದ್ದಾಗ ಐದಾರು ಸಾಲು ಕಾಣುತ್ತದೆ, ತುಂಬಿದಾಗ ಎರಡು ಮೂರು. ಜೀವಕೋಶಗಳು ಎಲ್ಲೂ ಓಡಿಹೋಗಿರುವುದಿಲ್ಲ, ಜರುಗಿ ಹರಡಿಕೊಂಡಿರುತ್ತವೆ. ಮೇಲಿನ ಸಾಲು ಖಾಲಿ ಇದ್ದಾಗ ಮಂಡಕ್ಕಿ ಥರ ಉಬ್ಬಿರುತ್ತದೆ, ತುಂಬಿದರೆ ಅದೇ ಅವಲಕ್ಕಿ. (ನಮ್ಮೂರಿನವರಿಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.) ಚಪ್ಪಟೆಯಾದರೂ ಅವು ದೊಡ್ಡವೇ, ಕೆಲವದರಲ್ಲಿ ಎರಡೆರಡು ನ್ಯೂಕ್ಲಿಯಸ್. ಎಣಿಸೋ ಭರದಲ್ಲಿ ನಾನು ಅದನ್ನು ನೋಡಲೇ ಇಲ್ಲ. ಅದೂ ಹೋಗಲಿ, ಅನ್ನನಾಳದಲ್ಲಿ ಪದರ ಇನ್ನೂ ಎಷ್ಟೋ ಜಾಸ್ತಿ. ಮೂರೇ ಕಂಡಾಗಲೇ ಅನುಮಾನ ಬರಬೇಕಿತ್ತು, ಅಲ್ವಾ? ನನಗೆ ಕಂಡಿದ್ದು ಒಂದೇ: ಐದಾರು ಇಲ್ಲ, ಹಾಗಾದರೆ ಮೂತ್ರಕೋಶ ಅಲ್ಲ. ಆ ಚೀಟಿ ನೆನೆದರೆ ಇವತ್ತಿಗೂ ಕೈ ಹಿಸುಕಿಕೊಳ್ಳುತ್ತೇನೆ.

ವೈವಾದಲ್ಲಿ ಮೇಡಂ ಕೇಳಿದರು, "ಮೂತ್ರ ಅಷ್ಟು ಹೊತ್ತು ಒಳಗೇ ಇರುತ್ತಲ್ಲಮ್ಮ, ವಾಪಸ್ ರಕ್ತಕ್ಕೆ ಯಾಕೆ ಸೇರಲ್ಲ?" ಸುಮ್ನೆ ನಿಂತೆ. ಉತ್ತರ ಅದೇ ಮೇಲಿನ ಸಾಲಿನಲ್ಲಿತ್ತು. ಅವಕ್ಕೆ ಅಂಬ್ರೆಲಾ ಸೆಲ್ ಅನ್ನುತ್ತಾರೆ. ಒಂದಕ್ಕೊಂದು ಹೊಲಿದ ಹಾಗೆ ಬಿಗಿಯಾಗಿ ಅಂಟಿರುತ್ತವೆ, ಮೇಲ್ಮೈ ತುಂಬಾ ಯೂರೋಪ್ಲಾಕಿನ್ ಅನ್ನೋ ಪ್ರೋಟೀನಿನ ಬಿಲ್ಲೆಗಳು. ಹಿಗ್ಗೋಕೆ ಬೇಕಾದ ಹೆಚ್ಚುವರಿ ಪೊರೆ ಸಣ್ಣ ಸಣ್ಣ ಚೀಲಗಳಾಗಿ ಒಳಗೇ ಇರುತ್ತದೆ. ಮೂತ್ರ ತುಂಬಿದಂತೆ ಅದು ಮೇಲಕ್ಕೆ ಬಂದು ಸೇರುತ್ತದೆ, ಖಾಲಿಯಾದ ಮೇಲೆ ಮತ್ತೆ ಒಳಗೆ.

ಅಟ್ಲಾಸ್ ಯಾವುದಾದರೂ ಆಗುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ. ಲ್ಯಾಬಿನಲ್ಲಿ ಖಾಲಿ ಮೂತ್ರಕೋಶದ್ದು, ಹಿಗ್ಗಿದ್ದು ಎರಡೂ ಸ್ಲೈಡ್ ಕೇಳಿ ತಗೊಳ್ಳಿ. ಗುಲಾಬಿ, ನೇರಳೆ ಪೆನ್ಸಿಲ್ ಹಿಡಿದು ಮೇಲಿನ ಸಾಲಿಂದ ಚಿತ್ರ ಬರೆಯಲು ಶುರು ಮಾಡಿ. ಸಪ್ಲಿಮೆಂಟರಿಗೆ ನಾನು ಹನ್ನೆರಡು ಸಲ ಬರೆದೆ.

ಪರೀಕ್ಷೆಗೆ ಬಂದಿದ್ದು ಶ್ವಾಸನಾಳ.