ಕಂಪನಿ ಒಂದೂವರೆ ವರ್ಷಕ್ಕೆ ಜರ್ಮನಿಗೆ ಕಳಿಸುತ್ತಿದೆ, ಅಲ್ಲಿನ ದಿನನಿತ್ಯಕ್ಕೆ ಹೊಂದಿಕೊಳ್ಳುವುದು ಹೇಗೆ?

ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗುತ್ತಿದ್ದೇನೆ, ಹೆಂಡತಿಯೂ ಬರುತ್ತಾಳೆ, ಆಫೀಸಿನ ಚಿಂತೆ ಇಲ್ಲ, ಮನೆ-ದಿನಸಿ-ನೆರೆಹೊರೆಯ ಬಗ್ಗೆ ಹೇಳಿ ಎಂದು ಕೇಳಿದ್ದೀರಿ. ಕೊನೆಯಲ್ಲಿ "ಒಂದೂವರೆ ವರ್ಷ ತಾನೇ, ಹೇಗೋ ತಳ್ಳಿದರಾಯಿತು" ಎಂದೂ ಬರೆದಿದ್ದೀರಿ. ದಯವಿಟ್ಟು ಆ ಲೆಕ್ಕದಲ್ಲಿ ಹೋಗಬೇಡಿ. ನಾನೂ ಹೀಗೇ ಕಂಪನಿ ಕಳಿಸಿ ಅಲ್ಲಿದ್ದವಳು, ನನ್ನ ಗಂಡ ಜೊತೆಗೆ ಬಂದಿದ್ದರು. ದಿನ ತಳ್ಳುವವರನ್ನು ಅಲ್ಲಿ ಬೇಕಾದಷ್ಟು ನೋಡಿದ್ದೇನೆ. ಸೂಟ್‌ಕೇಸ್ ಅರ್ಧ ಬಿಚ್ಚಿ, ಪಕ್ಕದ ಮನೆಯವರ ಮುಖವೂ ಗೊತ್ತಿಲ್ಲದೆ ಇರುವವರಿಗೆ ಒಂದೂವರೆ ವರ್ಷ ಮುಗಿಯುವುದೇ ಇಲ್ಲ. ಅಲ್ಲೇ ಉಳಿಯುವವರ ಹಾಗೆ ಮೊದಲ ವಾರದಿಂದಲೇ ಸಂಸಾರ ಹೂಡಿ.

ಮನೆಗೆ ಕಾಲಿಟ್ಟ ದಿನ ಮಾಡಬೇಕಾದ ಮೊದಲ ಕೆಲಸ, ಅಂಚೆ ಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದು. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರ್, ಅಷ್ಟೇ. ಯಾವ ಪೆಟ್ಟಿಗೆಗೆ ಹಾಕಬೇಕು ಎನ್ನುವುದನ್ನು ಪೋಸ್ಟಿನವರು ಹೆಸರು ನೋಡಿಯೇ ತಿಳಿಯಬೇಕು. ಹೆಸರು ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಅಲ್ಲಿ ಎಲ್ಲವೂ ಬರುವುದು ಪತ್ರದಲ್ಲೇ. ಬ್ಯಾಂಕ್ ಕಾರ್ಡ್ ಒಂದು ಕವರಿನಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ಇನ್ಶೂರೆನ್ಸ್ ಕಾರ್ಡ್ ಮತ್ತೊಂದರಲ್ಲಿ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ನಮ್ಮ ಕಡೆ ಎಷ್ಟೋ ಜನರಿಗೆ ಅಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ, ಗಂಡ ಹೆಂಡತಿಗೆ ಬೇರೆ ಬೇರೆ ಇರುತ್ತದೆ. ಇಬ್ಬರದ್ದೂ ಇರಲಿ. ಕೆಳಗಿನ ಕಾಲಿಂಗ್ ಬೆಲ್ ಪಕ್ಕದಲ್ಲೂ ಹಾಗೇ ಮಾಡಿ.

ಮನೆಗೆ ಬಂದ 2 ವಾರದೊಳಗೆ ಬ್ಯುರ್ಗರ್‌ಬ್ಯುರೋ ಎನ್ನುವ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನೇ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ತೋರಿಸಿದರೆ ಸಾಲದು, ಮನೆ ಕೊಟ್ಟವರು ಸಹಿ ಮಾಡಿದ ಬೇರೆಯದೇ ಪತ್ರ ಬೇಕು. ಬೀಗದ ಕೈ ಕೊಡುವ ದಿನವೇ ಅದನ್ನು ಕೇಳಿ ತೆಗೆದುಕೊಳ್ಳಿ. ನೋಂದಣಿಯಾದ ಕೆಲವು ವಾರಕ್ಕೆ 11 ಅಂಕಿಯ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರುತ್ತದೆ. ಸಂಬಳ ಅಲ್ಲಿಂದಲೇ ಬರುವುದಾದರೆ, ಆ ನಂಬರ್ ಆಫೀಸಿಗೆ ಸಿಗುವುದು ತಡವಾದಷ್ಟೂ ಅತಿ ಹೆಚ್ಚು ಕಡಿತವಿರುವ 6ನೇ ಟ್ಯಾಕ್ಸ್ ಕ್ಲಾಸಿನಲ್ಲಿ ತೆರಿಗೆ ಹಿಡಿಯಬಹುದು. ಹಾಗೆಯೇ ರೇಡಿಯೋ-ಟಿವಿ ಶುಲ್ಕದ ಪತ್ರವೂ ಬರುತ್ತದೆ. ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು, ಅದು ಮೋಸದ ಪತ್ರವಲ್ಲ.

ಇನ್ನು ಮೆಟ್ಟಿಲು. ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಎಂಬ ಪದ್ಧತಿ ಇದೆ. ಕಟ್ಟಡದ ಮೆಟ್ಟಿಲು, ಮೊಗಸಾಲೆ ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಯಂತೆ ಸುತ್ತುತ್ತದೆ. ಸರದಿ ಯಾರದೋ ಅವರ ಬಾಗಿಲ ಹಿಡಿಗೆ ಒಂದು ಪುಟ್ಟ ಬೋರ್ಡ್ ನೇತಾಡುತ್ತಿರುತ್ತದೆ. ಕೆಲಸ ಮುಗಿಸಿ ಆ ಬೋರ್ಡನ್ನು ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಎಲ್ಲ ಕಟ್ಟಡದಲ್ಲೂ ಇಲ್ಲ, ಕೆಲವು ಕಡೆ ಇದಕ್ಕೆ ಆಳು ಬರುತ್ತಾರೆ. ಇದ್ದರೆ ಮಾತ್ರ ತಪ್ಪಿಸಬೇಡಿ. ನಮ್ಮ ಸರದಿ ಬಂದಾಗ ನನ್ನ ಗಂಡ ಮೆಟ್ಟಿಲು ಒರೆಸುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ಬಾಗಿಲು ತೆಗೆದು ಸ್ವಲ್ಪ ಹೊತ್ತು ನಿಂತು ನೋಡಿದರು. ಒಳಗೆ ಹೋಗಿ ಒಂದು ಸಣ್ಣ ಬ್ರಷ್ ತಂದು, ಮೆಟ್ಟಿಲಿನ ಮೂಲೆಗೆ ಇದು ಬೇಕು ಎಂದು ಕೈಸನ್ನೆಯಲ್ಲೇ ತೋರಿಸಿ ಕೊಟ್ಟರು. ಅವತ್ತಿನಿಂದ ನಾವಿಲ್ಲದಾಗ ಬಂದ ಪಾರ್ಸೆಲ್‌ಗಳನ್ನೆಲ್ಲ ಅವರೇ ತೆಗೆದಿಟ್ಟುಕೊಳ್ಳುತ್ತಿದ್ದರು. ಜರ್ಮನ್ನರು ಬಿಗುಮಾನದವರು, ಸೇರಿಸಿಕೊಳ್ಳುವುದಿಲ್ಲ ಎಂದು ತುಂಬಾ ಜನ ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಕಟ್ಟಡದ ಕೆಲಸದಲ್ಲಿ ಪಾಲು ತೆಗೆದುಕೊಂಡವರನ್ನು ಅವರು ತಮ್ಮವರೆಂದೇ ನೋಡುತ್ತಾರೆ. ಮೆಟ್ಟಿಲಲ್ಲಿ ಯಾರೇ ಸಿಗಲಿ, "ಗ್ರ್ಯೂಸ್ ಗಾಟ್" ಎನ್ನಿ. ಆ ಕಡೆ ನಮಸ್ಕಾರ ಹೇಳುವುದು ಹೀಗೇ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ ಇಡೀ ದಿನ ಹಾಗೇ. ದೋಸೆ ಹಿಟ್ಟು ರುಬ್ಬುವುದಿದ್ದರೆ ಶನಿವಾರ ಹಗಲಲ್ಲೇ ಮುಗಿಸಿಕೊಳ್ಳಿ. ನಮ್ಮ ಮಿಕ್ಸಿ ಅಲ್ಲಿನ ಕರೆಂಟಿಗೆ ಸರಿಹೋಗುತ್ತದೆ, ಮೂರು ಪಿನ್ನಿನ ಪ್ಲಗ್‌ಗೆ ಅಡಾಪ್ಟರ್ ಮಾತ್ರ ಬೇಕು. ಒಗ್ಗರಣೆ ಹಾಕಿದ ಮೇಲೆ ಕಿಟಕಿಯನ್ನು ಪೂರ್ತಿ ತೆಗೆದು ಐದು-ಹತ್ತು ನಿಮಿಷ ಬಿಡಿ, ಚಳಿಗಾಲದಲ್ಲೂ. ವಾಸನೆ ಹೋಗಲಿ ಅಂತ ಮಾತ್ರ ಅಲ್ಲ. ಆ ಮನೆಗಳಲ್ಲಿ ಗಾಳಿ ಆಡದಿದ್ದರೆ ಹಬೆ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಅದರ ಖರ್ಚು ನಿಮ್ಮ ಅಡ್ವಾನ್ಸ್‌ನಿಂದ ಹೋಗಬಹುದು.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬೇಕರಿ, ಪೆಟ್ರೋಲ್ ಬಂಕ್, ದೊಡ್ಡ ರೈಲ್ವೆ ಸ್ಟೇಷನ್ನಿನ ಕೆಲವು ಅಂಗಡಿ ಬಿಟ್ಟರೆ ಹಾಲೂ ಸಿಗುವುದು ಕಷ್ಟ. ಮೊದಮೊದಲು ಬೇಜಾರು ಅನಿಸುತ್ತದೆ, ಆಮೇಲೆ ಅದೇ ವಾರದ ಒಳ್ಳೆಯ ದಿನವಾಗುತ್ತದೆ. ಸ್ಟುಟ್‌ಗಾರ್ಟ್ ಬೋಗುಣಿಯಂಥ ಕಣಿವೆಯಲ್ಲಿದೆ, ಊರೊಳಗೇ ದ್ರಾಕ್ಷಿ ತೋಟಗಳ ಇಳಿಜಾರು. ಮನೆಮಂದಿಯೆಲ್ಲ ನಡೆಯಲು ಹೊರಡುತ್ತಾರೆ, ನೀವೂ ಹೊರಡಿ. ಒಳ್ಳೆಯ ಶೂ ಮಾತ್ರ ಇರಲಿ, ಆ ಊರಲ್ಲಿ ಮೆಟ್ಟಿಲುದಾರಿಗಳು ಜಾಸ್ತಿ.

ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳನ್ನು ಎಸೆಯಬೇಡಿ, ಸೂಪರ್‌ಮಾರ್ಕೆಟ್ಟಿನ ಮೆಷಿನ್ನಿಗೆ ಹಾಕಿದರೆ ತಲಾ 25 ಸೆಂಟ್ ವಾಪಸ್. ಓಡಾಟಕ್ಕೆ ಡಾಯ್ಚ್‌ಲಾಂಡ್‌ಟಿಕೆಟ್ ತೆಗೆದುಕೊಳ್ಳಿ. 2026ರಿಂದ ತಿಂಗಳಿಗೆ 63 ಯೂರೋ, ವೇಗದ ದೂರದ ರೈಲು ಬಿಟ್ಟು ದೇಶದ ಎಲ್ಲ ಲೋಕಲ್ ರೈಲು-ಬಸ್ಸಿಗೂ ನಡೆಯುತ್ತದೆ. ಆರೋಗ್ಯ ಸರಿ ಇರುವಾಗಲೇ ಹತ್ತಿರದ ಫ್ಯಾಮಿಲಿ ಡಾಕ್ಟರ್ ಯಾರು ಎಂದು ಗೊತ್ತುಮಾಡಿಕೊಳ್ಳಿ. ಜೀವಕ್ಕೆ ಅಪಾಯ ಎನ್ನುವಂಥದ್ದಕ್ಕೆ 112. ರಾತ್ರಿ ಜ್ವರ ಬಂತು, ಬೆಳಗಿನವರೆಗೆ ಕಾಯಲಾಗದು ಎನ್ನುವಂಥದ್ದಕ್ಕೆ 116117.

ನಿಮ್ಮ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ವಿಷಯವೇ ನನಗೆ ದೊಡ್ಡದಾಗಿ ಕಾಣುತ್ತದೆ: ನಿಮ್ಮ ಹೆಂಡತಿ. ನಿಮಗೆ ಆಫೀಸು ಇದೆ, ಕಾಫಿಗೆ ಕರೆಯುವ ಸಹೋದ್ಯೋಗಿಗಳಿದ್ದಾರೆ. ಜೊತೆಗೆ ಬಂದವರಿಗೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ಮುಚ್ಚಿದರೆ ಸಂಜೆವರೆಗೆ ನಾಲ್ಕು ಗೋಡೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಗ ಭಾರತಕ್ಕೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀವು ಸಂಜೆ ಆರಕ್ಕೆ ಮನೆಗೆ ಬಂದು ಊರಿಗೆ ಫೋನ್ ಮಾಡೋಣ ಎಂದರೆ ಊರಲ್ಲಿ ರಾತ್ರಿ ಹತ್ತೂವರೆ, ಅಪ್ಪ ಅಮ್ಮ ಮಲಗಿರುತ್ತಾರೆ. ಫೋನನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ.

ನನ್ನ ಗಂಡನನ್ನು ಉಳಿಸಿದ್ದು ಫೋಲ್ಕ್ಸ್‌ಹೋಖ್‌ಶೂಲೆ. ದೊಡ್ಡವರಿಗಾಗಿಯೇ ಇರುವ ಕಲಿಕೆಯ ಕೇಂದ್ರ ಅದು. ಸ್ಟುಟ್‌ಗಾರ್ಟ್‌ನಲ್ಲಿ ಅದರ ದೊಡ್ಡ ಕಟ್ಟಡ ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿದೆ. ಭಾಷೆ, ಹೊಲಿಗೆ, ಚಿತ್ರಕಲೆ, ಯೋಗ ಎಲ್ಲ ಇದೆ, ಫೀಸೂ ಖಾಸಗಿ ಕ್ಲಾಸುಗಳಷ್ಟಿಲ್ಲ. ಜರ್ಮನ್ ಕ್ಲಾಸಿನಲ್ಲಿ ಅವರ ಬೆಂಚಿನಲ್ಲಿ ಕೂರುತ್ತಿದ್ದವರು ಸಿರಿಯಾ, ಬ್ರೆಜಿಲ್, ಉಕ್ರೇನಿನವರು. ಎಲ್ಲರೂ ಹೊಸಬರೇ, ಎಲ್ಲರಿಗೂ ಗೆಳೆಯರು ಬೇಕಾಗಿತ್ತು. "ಒಂದೂವರೆ ವರ್ಷಕ್ಕೆ ಜರ್ಮನ್ ಕಲಿತು ಏನು ಮಾಡೋದು" ಎಂದು ಸುಮ್ನೆ ಕೂರಬೇಡಿ. ನೀವಿಬ್ಬರೂ ಹೊರಡುವ ಮೊದಲೇ ಅಂಕಿಗಳು, ವಾರದ ದಿನ, ಅಂಗಡಿಯ ಮಾತುಗಳನ್ನು ಕಲಿಯಲು ಶುರುಮಾಡಿ. ಮತ್ತೆ, ನಿಮ್ಮ ಹೆಂಡತಿಯ ರೆಸಿಡೆನ್ಸ್ ಪರ್ಮಿಟ್ ಬಂದಾಗ ಅದರಲ್ಲಿ ಕೆಲಸದ ಬಗ್ಗೆ ಏನು ಬರೆದಿದೆ ಎಂದು ಓದಿಸಿ ನೋಡಿ. ಕೆಲಸಕ್ಕೆ ಅನುಮತಿ ಇದ್ದೂ ಗೊತ್ತಿಲ್ಲದೆ ಮನೆಯಲ್ಲೇ ಕೂತವರಿದ್ದಾರೆ.

ಹೊರಡುವ ಮೊದಲು ಎಚ್.ಆರ್. ಹತ್ತಿರ ಪಿ.ಎಫ್. ಕಚೇರಿಯ ಸರ್ಟಿಫಿಕೇಟ್ ಆಫ್ ಕವರೇಜ್, ಅಂದರೆ ನಿಮ್ಮ ಪಿ.ಎಫ್. ಇಲ್ಲೇ ನಡೆಯುತ್ತಿದೆ ಎನ್ನುವ ಪತ್ರದ ಬಗ್ಗೆ ಕೇಳಿ. ಭಾರತ-ಜರ್ಮನಿ ನಡುವಿನ ಸಾಮಾಜಿಕ ಭದ್ರತೆಯ ಒಪ್ಪಂದ 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. ಭಾರತದ ಕಂಪನಿಯೇ ಕಳಿಸಿದ್ದು, ಇಲ್ಲಿ ಪಿ.ಎಫ್. ಮುಂದುವರಿಯುತ್ತಿದ್ದರೆ 48 ತಿಂಗಳವರೆಗೆ ಅಲ್ಲಿನ ಪಿಂಚಣಿಗೆ ಬೇರೆ ಕಟ್ಟಬೇಕಿಲ್ಲ.

ವಾಪಸ್ ಬರುವಾಗ ಅದೇ ಬ್ಯುರ್ಗರ್‌ಬ್ಯುರೋಗೆ ಮನೆ ಬಿಟ್ಟ ವಿಷಯವನ್ನೂ ತಿಳಿಸಬೇಕು, ಹೊರಡುವ ಒಂದು ವಾರ ಮೊದಲೇ ಮಾಡಬಹುದು. ಅವರು ಕೊಡುವ ಕಾಗದವನ್ನು ಜೋಪಾನವಾಗಿಡಿ, ರೇಡಿಯೋ-ಟಿವಿ ಶುಲ್ಕ ನಿಲ್ಲಿಸಲು ಅದನ್ನು ಕೇಳುತ್ತಾರೆ. ಬ್ಯಾಂಕ್ ಖಾತೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯವರೆಗೂ ಇರುತ್ತದೆ, ಹೀಟಿಂಗ್ ಮತ್ತು ನೀರಿನ ಲೆಕ್ಕ ಮುಗಿಸಿ ಅದನ್ನು ಹಿಂದಿರುಗಿಸಲು ಮಾಲೀಕರಿಗೆ ತಿಂಗಳುಗಳೇ ಹಿಡಿಯುತ್ತವೆ.