ಬಂದವರಿಗೆ ಅಜ್ಜಿ ಮನೆ, ನಮಗೆ ದಿನದ ಮನೆ

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ಬೇಸಿಗೆ ರಜೆ. ದಾವಣಗೆರೆ, ಚಿತ್ರದುರ್ಗದ ಕಡೆ ಇದು ಬಿಸಿಲು 38 ಡಿಗ್ರಿ ದಾಟುವ ಕಾಲವೂ ಹೌದು, ಮನೆ ತುಂಬ ನೆಂಟರ ಮಕ್ಕಳು ಸೇರುವ ಕಾಲವೂ ಹೌದು. ಪುಟ್ಟ ಮಕ್ಕಳಿರುವ ಮನೆಗಳಿಂದ ಈ ದಿನಗಳಲ್ಲಿ ಬಂದ ಕೆಲವು ಪ್ರಶ್ನೆಗಳಿಗೆ ಮಕ್ಕಳ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ದಾವಣಗೆರೆಯವರು. ನನಗೆ ನಾಲ್ಕು ವರ್ಷದ ಮಗಳು, ಎರಡು ವರ್ಷ ತುಂಬಿದ ಮಗ ಇದ್ದಾರೆ. ರಜೆಗೆಂದು ನಾದಿನಿಯ ಇಬ್ಬರು ಮಕ್ಕಳು ಬಂದಿದ್ದಾರೆ. ಒಬ್ಬನಿಗೆ ಹನ್ನೊಂದು, ಇನ್ನೊಬ್ಬಳಿಗೆ ಒಂಬತ್ತು ವರ್ಷ. ರಾತ್ರಿ ಒಂಬತ್ತಕ್ಕೆ ಮಲಗುತ್ತಿದ್ದ ಮಗ ಈಗ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಮಗಳು ಎಲ್ಲರಿಗೂ ಹೊಡೆಯುತ್ತಾಳೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದೆ. ಮಧ್ಯಾಹ್ನವೆಲ್ಲ ನಾಲ್ವರೂ ಒಂದು ಮೊಬೈಲಿಗೆ ಮುತ್ತಿಕೊಂಡಿರುತ್ತಾರೆ. ಅತ್ತೆಯವರು "ರಜೆ ಅಲ್ವೇನವ್ವ, ಇರ್ಲಿ ಬಿಡು, ನಾವೆಲ್ಲ ಹಿಂಗೇ ಬೆಳೆದ್ವಿ" ಎನ್ನುತ್ತಾರೆ. ಬಂದ ಮಕ್ಕಳಿಗೆ ಒಂದು ಮಾತು ಹೇಳಿದರೂ ಮನಸ್ತಾಪವಾದೀತೆಂಬ ಭಯ. ಏನು ಮಾಡಲಿ?

ಉತ್ತರ: ನಾದಿನಿಯವರ ಮಕ್ಕಳು ಬಂದಿರುವುದು ಅಜ್ಜಿ ಮನೆಗೆ, ನಿಮ್ಮ ಮಕ್ಕಳಿಗೆ ಅದೇ ದಿನದ ಮನೆ. ನಿಮ್ಮ ಪತ್ರದಲ್ಲಿರುವ ಬಹುಪಾಲು ತೊಡಕು ಇಲ್ಲಿಂದಲೇ ಹುಟ್ಟಿದೆ. ಹನ್ನೊಂದು ವರ್ಷದ ಹುಡುಗ ಒಂದು ತಿಂಗಳು ತಡವಾಗಿ ಮಲಗಿ ತಡವಾಗಿ ಎದ್ದರೆ ಅವನಿಗೆ ಆಗುವ ನಷ್ಟ ಅಷ್ಟಕ್ಕಷ್ಟೇ. ಎರಡು ವರ್ಷದ ಮಗುವಿಗೆ ಹಾಗಲ್ಲ, ಅದು ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ತನ್ನ ಹೊತ್ತಿಗೇ ಏಳುತ್ತದೆ, ಕಳೆದುಕೊಂಡ ನಿದ್ದೆಯನ್ನು ಹಗಲೆಲ್ಲ ಹಟ ಮಾಡಿ, ಅತ್ತು, ಊಟ ಬಿಟ್ಟು ತೀರಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ನಿಮ್ಮ ಮಗನ ವಯಸ್ಸಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮಗಳ ವಯಸ್ಸಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಆದ್ದರಿಂದ ನನ್ನ ಸಲಹೆ ಇಷ್ಟೇ: ರಜೆಯಲ್ಲಿ ಮಿಕ್ಕಿದ್ದೆಲ್ಲ ಸಡಿಲವಾಗಲಿ, ಆದರೆ ಸಣ್ಣವರ ಮಧ್ಯಾಹ್ನದ ನಿದ್ದೆ, ರಾತ್ರಿಯ ಊಟ ಮತ್ತು ಮಲಗುವ ಹೊತ್ತು ಈ ಮೂರನ್ನು ಬಿಟ್ಟುಕೊಡಬೇಡಿ. ಬೆಳಗಿನ ತಿಂಡಿ ಒಂದು ಗಂಟೆ ತಡವಾದರೆ, ಸ್ನಾನ ಸಂಜೆಗೆ ಹೋದರೆ, ಮೂರು ದಿನ ಒಂದೇ ಅಂಗಿಯಲ್ಲಿ ಓಡಾಡಿದರೆ ಯಾವ ಮಗುವಿಗೂ ಏನೂ ಆಗುವುದಿಲ್ಲ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅವರು ಬೆಳೆದ ಮನೆಯಲ್ಲಿಯೂ ಹತ್ತು ಮಕ್ಕಳು ಸೇರುತ್ತಿದ್ದುದು ನಿಜ. ಆದರೆ ಅಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ ಊಟವಾಗಿ, ಅಂಗಳದಲ್ಲೋ ಮಾಳಿಗೆಯ ಮೇಲೋ ಚಾಪೆ ಬಿದ್ದು, ಕಥೆ ಕೇಳುತ್ತಲೇ ಮಕ್ಕಳು ಮಲಗಿಬಿಡುತ್ತಿದ್ದರು. ಹನ್ನೊಂದರವರೆಗೆ ಉರಿಯುವ ಟ್ಯೂಬ್‌ಲೈಟು, ಟಿ.ವಿ. ಅಲ್ಲಿರಲಿಲ್ಲ. ಇದನ್ನು ವಾದಕ್ಕಾಗಿ ಹೇಳಬೇಡಿ, ಕೆಲಸಕ್ಕೆ ಬಳಸಿ. ಎಂಟೂವರೆಗೆ ದೀಪ ಆರಿಸಿದ ಕೋಣೆಯಲ್ಲಿ ಕಥೆ ಹೇಳುವ ಹೊಣೆಯನ್ನು ಅತ್ತೆಯವರಿಗೇ ಒಪ್ಪಿಸಿ. ದೊಡ್ಡ ಮಕ್ಕಳೂ ಬೇಕೆಂದರೆ ಕೇಳಲಿ, ಬೇಡವೆಂದರೆ ಪಡಸಾಲೆಯಲ್ಲಿ ಸದ್ದಿಲ್ಲದೆ ಚೌಕಾಬಾರ ಆಡಲಿ. ಸೊಸೆ ಹೇಳಿದರೆ ಕಟ್ಟುಪಾಡು ಎನಿಸುವುದು ಅಜ್ಜಿ ಮಾಡಿದರೆ ಅಜ್ಜಿ ಮನೆಯ ಸುಖ ಎನಿಸುತ್ತದೆ.

ಮೊಬೈಲಿನ ವಿಷಯದಲ್ಲಿ ನಾಲ್ವರಿಗೂ ಒಂದೇ ನಿಯಮ ಮಾಡಲು ಹೋಗಬೇಡಿ, ಅದು ಎರಡು ದಿನವೂ ನಿಲ್ಲುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ಮಕ್ಕಳ ಮೊಬೈಲ್ ಹೊತ್ತನ್ನು ಸಣ್ಣವರ ಮಧ್ಯಾಹ್ನದ ನಿದ್ದೆಗೆ ಜೋಡಿಸಿ: ಪುಟ್ಟ ಮಲಗಿದ ಮೇಲೆ, ಬೇರೆ ಕೋಣೆಯಲ್ಲಿ, ಅವನು ಏಳುವವರೆಗೆ. ಆಗ ಪುಟ್ಟನನ್ನು ಮಲಗಿಸುವ ಆತುರ ನಿಮಗಿಂತ ಹೆಚ್ಚಾಗಿ ಅವರಿಗೇ ಇರುತ್ತದೆ.

ಮಗಳ ಹೊಡೆತ ಕೆಟ್ಟತನದ್ದಲ್ಲ. ಅವಳ ಮಂಚ, ಅವಳ ಬಣ್ಣದ ಪೆನ್ಸಿಲು, ಅವಳ ಅಜ್ಜಿಯ ತೊಡೆ, ಎಲ್ಲವೂ ಒಂದೇ ವಾರದಲ್ಲಿ ಇನ್ನಿಬ್ಬರ ಪಾಲಾಗಿವೆ. ಅದನ್ನು ಬಾಯಲ್ಲಿ ಹೇಳುವಷ್ಟು ಮಾತು ಅವಳಿಗಿನ್ನೂ ಬಂದಿಲ್ಲ. ಒಂದು ರಟ್ಟಿನ ಡಬ್ಬಿ ಕೊಟ್ಟು, ಅದರಲ್ಲಿ ಅವಳು ಇಟ್ಟದ್ದನ್ನು ಯಾರೂ ಮುಟ್ಟುವಂತಿಲ್ಲ, ಹೊರಗಿರುವುದೆಲ್ಲ ಎಲ್ಲರದು ಎಂದು ನಾಲ್ವರ ಮುಂದೆಯೇ ಹೇಳಿ. ಕೈ ಎತ್ತಿದಾಗ ಆ ಕೈಯನ್ನು ಮೆಲ್ಲಗೆ ಹಿಡಿದು "ಹೊಡೆಯೋದು ಬೇಡ, ಏನು ಬೇಕು ಹೇಳು" ಎಂದಷ್ಟೇ ಹೇಳಿ ಸುಮ್ಮನಾಗಿ. ಉದ್ದದ ಉಪದೇಶ ನಾಲ್ಕು ವರ್ಷದ ಕಿವಿಗೆ ತಲುಪುವುದಿಲ್ಲ. ಹಾಸಿಗೆ ಒದ್ದೆಯಾಗುವುದು ಐದು ವರ್ಷದೊಳಗೆ ರೋಗವಲ್ಲ, ಮನೆಯ ಕ್ರಮ ಬದಲಾದಾಗ ಮರಳುವುದು ಸಾಮಾನ್ಯ. ಅದನ್ನು ನೆಂಟರ ಮಕ್ಕಳೆದುರು ಆಡಿಕೊಳ್ಳುವುದನ್ನು ಮಾತ್ರ ಕಡ್ಡಾಯವಾಗಿ ನಿಲ್ಲಿಸಿ. ಮೂತ್ರ ಮಾಡುವಾಗ ಉರಿ, ಜ್ವರ, ಅಥವಾ ಎಂದೂ ಇಲ್ಲದಷ್ಟು ಬಾಯಾರಿಕೆ ಕಂಡರೆ ವೈದ್ಯರಿಗೆ ತೋರಿಸಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಗಳಲ್ಲಿ ಸಂಪು, ಡ್ರಮ್ಮು, ಬಕೆಟ್ಟು ಎಲ್ಲವೂ ತುಂಬಿರುತ್ತವೆ. ನಡೆಯಲು ಕಲಿತ ಮಗು ಅರ್ಧ ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದರೂ ಮೇಲೇಳಲಾರದು, ಏಕೆಂದರೆ ಆ ವಯಸ್ಸಿನಲ್ಲಿ ತಲೆಯೇ ಭಾರ. ಅದು ಕೂಗುವುದೂ ಇಲ್ಲ. ಇಂಥದ್ದು ಒಬ್ಬರೇ ಇರುವ ಮನೆಗಿಂತ ಹತ್ತು ಮಂದಿ ಇರುವ ಮನೆಯಲ್ಲಿ ಸುಲಭವಾಗಿ ನಡೆದುಹೋಗುತ್ತದೆ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ಭಾವಿಸುವುದರಿಂದ. ಸಂಪಿನ ಮುಚ್ಚಳಕ್ಕೆ ಚಿಲಕ ಹಾಕಿಸಿ, ಬಚ್ಚಲಿನ ಬಾಗಿಲು ಮುಚ್ಚಿಡಿ, ಮಗುವನ್ನು ಒಪ್ಪಿಸುವಾಗ "ಈಗ ಪುಟ್ಟ ನಿನ್ನ ಕೈಲಿ" ಎಂದು ಹೆಸರು ಹಿಡಿದು, ಅವರು "ಹೂಂ" ಎನ್ನುವವರೆಗೆ ನಿಂತು ಹೇಳಿ. ಆದರೆ ಹನ್ನೊಂದು ವರ್ಷದ ಹುಡುಗನಿಗೆ ಈ ಹೊಣೆ ಕೊಡಬೇಡಿ.

ಇನ್ನು ಮನಸ್ತಾಪದ ಭಯ. ನಾದಿನಿಯವರಿಗೂ ಅತ್ತೆಯವರಿಗೂ ಇದನ್ನೆಲ್ಲ ಹೇಳಬೇಕಾದವರು ನಿಮ್ಮ ಯಜಮಾನರು. ತಂಗಿಗೆ ಅಣ್ಣ ಹೇಳುವ ಮಾತು ಒಂದು ತೂಕ, ಅತ್ತಿಗೆ ಹೇಳುವ ಮಾತು ಇನ್ನೊಂದು ತೂಕ. ಎಂಟು ಜನರ ರೊಟ್ಟಿ, ಪಾತ್ರೆ, ಬಟ್ಟೆಯ ಜೊತೆಗೆ ಈ ಕಿರಿಕಿರಿಯ ಮಾತುಗಳನ್ನೂ ನಿಮ್ಮ ಪಾಲಿಗೆ ಬಿಟ್ಟು ಅವರು ಸುಮ್ಮನಿರುವುದು ಸರಿಯಲ್ಲ. ಈ ಭಾಗವನ್ನು ಅವರಿಗೆ ಓದಿಸಿ.

ಪ್ರಶ್ನೆ: ನಮ್ಮದು ಹರಿಹರ. ಸಂಜೆಯಾದರೆ ಮನೆಯವರೆಲ್ಲ ಕೂತು ಖಾರ ಮಂಡಕ್ಕಿ, ಮಿರ್ಚಿ ತಿನ್ನುವುದು ವಾಡಿಕೆ. ಎರಡೂವರೆ ವರ್ಷದ ಮಗನೂ ಮುಷ್ಟಿ ತುಂಬ ತೆಗೆದುಕೊಂಡು ತಿನ್ನುತ್ತಾನೆ. ಖಾರದಿಂದ ಹೊಟ್ಟೆ ಕೆಡುತ್ತದೆಯೇ?

ಉತ್ತರ: ಖಾರದ ಚಿಂತೆ ಸಣ್ಣದು, ಹೆಚ್ಚಾದರೆ ಮಗುವೇ ಉಗಿದು ಅಳುತ್ತದೆ. ನನ್ನ ಭಯವಿರುವುದು ಅದರೊಳಗಿನ ಶೇಂಗಾದ ಬಗ್ಗೆ. ನಿಮ್ಮ ಸಂಜೆಯನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ: ನೆಲದ ಮೇಲೆ ಹಾಸಿದ ಪೇಪರು, ಅದರ ಮೇಲೆ ಈರುಳ್ಳಿ, ಶೇಂಗಾ, ಪುಟಾಣಿ ಬೆರೆತ ಮಂಡಕ್ಕಿಯ ರಾಶಿ, ಸುತ್ತ ಕೂತವರ ನಗು, ಮಗು ಬಂದು ಬಾಯಿಗೆ ತುಂಬಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದರೆಂದು ಕಿಲಕಿಲನೆ ನಗುತ್ತಾ ಓಡುತ್ತದೆ. ಈ ವಯಸ್ಸಿನಲ್ಲಿ ಅರೆದು ನುಂಗುವ ದವಡೆ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ. ನಗುವಾಗ, ಓಡುವಾಗ ಜೋರಾಗಿ ಒಳಗೆಳೆದ ಉಸಿರಿನ ಜೊತೆ ಅರ್ಧ ಶೇಂಗಾ ಶ್ವಾಸನಾಳಕ್ಕೆ ಇಳಿಯಲು ಒಂದು ಕ್ಷಣ ಸಾಕು. ನಮ್ಮಲ್ಲಿ ಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಮುಂದಿನ ಸಾಲಿನದು. ಅದು ಒಳಗೆ ನೀರು ಹೀರಿ ಊದಿಕೊಳ್ಳುತ್ತದೆ, ಅದರ ಎಣ್ಣೆ ಒಳಪದರವನ್ನು ಕೆರಳಿಸುತ್ತದೆ.

ಮೋಸವಾಗುವುದು ಆಮೇಲೆ. ಮಗು ಒಮ್ಮೆ ಜೋರಾಗಿ ಕೆಮ್ಮಿ, ಮುಖ ಕೆಂಪಾಗಿ, ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತದೆ. ಮನೆಯವರು ನೆತ್ತಿಗೆ ಹತ್ತಿತ್ತು, ಇಳಿಯಿತು ಎಂದುಕೊಳ್ಳುತ್ತಾರೆ. ನಾಲ್ಕು ದಿನದ ಮೇಲೆ ವಾಸಿಯಾಗದ ಕೆಮ್ಮು, ಎದೆಯ ಒಂದೇ ಬದಿಯಲ್ಲಿ ಸುಯ್ ಎನ್ನುವ ಸದ್ದು, ಜ್ವರ ಬರುತ್ತವೆ. ಆಗ ವೈದ್ಯರಿಗೆ ಆ ಸಂಜೆಯ ಕೆಮ್ಮಿನ ಸಂಗತಿ ಹೇಳಲು ಮರೆಯಬೇಡಿ, ರೋಗದ ಗುರುತು ಅದರಲ್ಲೇ ಇರುತ್ತದೆ.

ಶೇಂಗಾ, ಪುಟಾಣಿ ಸೇರುವ ಮೊದಲೇ ಮಗನಿಗೆ ಬೇರೆ ತಟ್ಟೆಯಲ್ಲಿ ಒಂದಿಷ್ಟು ಒಗ್ಗರಣೆ ಮಂಡಕ್ಕಿಯನ್ನು ನೆನೆಸಿ ಮೆತ್ತಗೆ ಮಾಡಿ ಕೊಡಿ, ಕೂತು ತಿನ್ನಲಿ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಶೇಂಗಾ ಬೇಡ, ಚಟ್ನಿಪುಡಿಯಾಗಿ ಧಾರಾಳವಾಗಿ ಕೊಡಬಹುದು. ಒಂದು ವೇಳೆ ಗಂಟಲಿಗೆ ಸಿಕ್ಕಿ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ ಬಾಯಿಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಮಗುವನ್ನು ಮುಂದಕ್ಕೆ ಬಾಗಿಸಿ, ಎರಡೂ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಬಾರಿ ಗಟ್ಟಿಯಾಗಿ ತಟ್ಟಿ. ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿ. ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ. ಮುಂಗೈ ಮೇಲೆ ತಲೆ ತಗ್ಗಿಸಿ ಮಲಗಿಸಿಕೊಂಡು ಬೆನ್ನಿಗೆ ಐದು ಬಾರಿ ತಟ್ಟಿ, ಆಮೇಲೆ ಅಂಗಾತ ತಿರುಗಿಸಿ ಎದೆಯ ಮಧ್ಯೆ ಒಂದು ಅಂಗೈ ಬುಡದಿಂದ ಐದು ಬಾರಿ ಒತ್ತಬೇಕು.

ಪ್ರಶ್ನೆ: ನಾನು ಚಿತ್ರದುರ್ಗದ ನಿವೃತ್ತ ಶಿಕ್ಷಕ. ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಿದ್ದಾರೆ, ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಅವರಿಗೆ ಕೋಟೆ ತೋರಿಸಿ ಓಬವ್ವನ ಕಥೆ ಹೇಳಬೇಕೆಂಬ ಆಸೆ. ಬಿಸಿಲಿಗೆ ಕರೆದುಕೊಂಡು ಹೋಗಬಹುದೇ? ಯುದ್ಧದ ಕಥೆ ಅವರ ವಯಸ್ಸಿಗೆ ಸರಿಯೇ?

ಉತ್ತರ: ಧಾರಾಳವಾಗಿ ಕರೆದುಕೊಂಡು ಹೋಗಿ, ಆದರೆ ಕೋಟೆಯ ಬಾಗಿಲು ತೆರೆಯುತ್ತಲೇ ಹೋಗಿ ಹತ್ತು ಗಂಟೆಯೊಳಗೆ ಕೆಳಗಿಳಿಯಿರಿ. ಹೊತ್ತೇರಿದ ಮೇಲೆ ಅಲ್ಲಿನ ಬಂಡೆಗಳು ಕಾದು ಮೇಲಿನ ಬಿಸಿಲಿನ ಜೊತೆ ಕೆಳಗಿನಿಂದಲೂ ಶಾಖ ಹೊಡೆಯುತ್ತದೆ. ಮೂರು ವರ್ಷದವನ ಮುಖ ನಿಮ್ಮ ಮುಖಕ್ಕಿಂತ ಆ ಬಂಡೆಗೆ ಹತ್ತಿರ. ಏಳು ಸುತ್ತನ್ನೂ ಒಂದೇ ದಿನ ತೋರಿಸುವ ಹಂಬಲ ಬಿಡಿ. ಎಣ್ಣೆ ಕೊಳ, ಮದ್ದು ಬೀಸುವ ಕಲ್ಲು, ಅಲ್ಲಿಂದ ಏಕನಾಥೇಶ್ವರಿ ಗುಡಿ, ಇಷ್ಟಾದರೆ ಚಿಕ್ಕವನಿಗೆ ಸಾಕು. ಓಬವ್ವನ ಕಿಂಡಿಗೆ ಮೊಮ್ಮಗಳನ್ನು ಇನ್ನೊಂದು ಬೆಳಗ್ಗೆ ಬೇರೆಯಾಗಿ ಕರೆದೊಯ್ಯಿರಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳ ಬಳಿ ಕೈ ಬಿಡಬೇಡಿ. ಕೋತಿಗಳಿರುವುದರಿಂದ ಮಕ್ಕಳ ಕೈಯಲ್ಲಿ ಬಿಸ್ಕತ್ತು, ಬಾಳೆಹಣ್ಣು ಬೇಡ.

ನೀರನ್ನು ಮಕ್ಕಳು ಕೇಳಲೆಂದು ಕಾಯಬಾರದು, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸಿ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ಆರು ತಾಸು ಕಳೆದರೂ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವಾಂತಿ-ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿಗೆ, ದೊಡ್ಡದಾದರೆ ಪೂರ್ತಿ 1 ಲೀಟರಿಗೆ ಕಲಸಬೇಕು. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕುವುದು ತಪ್ಪು. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಅಂಗಡಿಯ ಫ್ರಿಜ್ಜಿನಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಇದರ ಬದಲಿಗೆ ಬಾರವು.

ಕಥೆಯ ವಿಷಯದಲ್ಲಿ ನಿಮಗೆ ಸಂಕೋಚ ಬೇಡ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದ್ದು, ನೀರಿಗೆ ಹೋದ ಓಬವ್ವ ಅದನ್ನು ಕಂಡದ್ದು, ಊಟಕ್ಕೆ ಕೂತ ಗಂಡನನ್ನು ಎಬ್ಬಿಸದೆ ತಾನೇ ಒನಕೆ ಹಿಡಿದು ನಿಂತದ್ದು, ಆರು ವರ್ಷದವಳಿಗೆ ಪೂರ್ತಿ ಹೇಳಿ. "ಅವಳಿಗೆ ಭಯ ಆಗಲಿಲ್ವಾ ಅಜ್ಜ?" ಎಂದು ಕೇಳಿದರೆ ಅವಸರದಲ್ಲಿ ಇಲ್ಲ ಎನ್ನಬೇಡಿ, "ನಿನಗೇನನಿಸುತ್ತೆ?" ಎಂದು ಕೇಳಿ. ಮೂರು ವರ್ಷದವನಿಗೆ ಸಾವು ಇನ್ನೂ ಅರ್ಥವಾಗುವುದಿಲ್ಲ. ಅವನು ಒನಕೆ ಎಷ್ಟು ಉದ್ದ ಎಂದು ಕೇಳುತ್ತಾನೆ, ಉತ್ತರ ಹೇಳಿದರೆ ಸಾಕು. ರಕ್ತ, ಹೆಣಗಳ ವರ್ಣನೆಯನ್ನು ಮಲಗುವ ಹೊತ್ತಿನಲ್ಲಿ ಮಾತ್ರ ಬಿಟ್ಟುಬಿಡಿ.

ಪ್ರಶ್ನೆ: ಐದು ತಿಂಗಳ ಕೂಸಿನೊಂದಿಗೆ ತವರಿಗೆ, ಹೊಳಲ್ಕೆರೆಗೆ ಬಂದಿದ್ದೇನೆ. ಎದೆಹಾಲು ಮಾತ್ರ ಕುಡಿಯುತ್ತದೆ. ಸೆಕೆಗೆ ನೀರು, ಗಂಟಲು ಕಟ್ಟಿದರೆ ಜೇನು ಕೊಡು ಎನ್ನುತ್ತಾರೆ.

ಉತ್ತರ: ಎರಡೂ ಬೇಡ. ಆರು ತಿಂಗಳವರೆಗೆ ಎಂಥ ಬೇಸಿಗೆಯಲ್ಲೂ ಎದೆಹಾಲಿನಲ್ಲಿರುವ ನೀರೇ ಸಾಕು. ಹೆಚ್ಚು ಸಲ ಕುಡಿಸಿ, ನೀವು ಚೆನ್ನಾಗಿ ನೀರು ಕುಡಿಯಿರಿ. ಜೇನನ್ನು ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಕೂಸಿನ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗುವ ಸಂಭವವಿದೆ.

ಪ್ರಶ್ನೆ: ರಜೆಯಲ್ಲಿ ಮೂರು ವರ್ಷದ ಮಗಳನ್ನು ಬೈಕಿನಲ್ಲಿ ಮುಂದೆ ಕೂರಿಸಿಕೊಂಡು ಕುಂದುವಾಡ ಕೆರೆಗೆ ಹೋಗುತ್ತೇವೆ. ಹತ್ತಿರವೇ ಆದ್ದರಿಂದ ಹೆಲ್ಮೆಟ್ ಬೇಕೇ?

ಉತ್ತರ: ಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ಮಗುವನ್ನು ಸವಾರನಿಗೆ ಜೋಡಿಸುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಟ್ಯಾಂಕಿನ ಮೇಲೆ ಕೂತ ಮಗು ಒಂದು ಬ್ರೇಕಿಗೆ ಹ್ಯಾಂಡಲ್ಲಿಗೆ ಬಡಿಯುತ್ತದೆ, ಸಂಜೆಯ ಗಾಳಿಗೆ ಅಲ್ಲೇ ತೂಕಡಿಸುತ್ತದೆ ಕೂಡ. ಪಟ್ಟಿ ಬಿಗಿದು ಹಿಂದೆ ಕೂರಿಸಿಕೊಳ್ಳಿ; ಇಲ್ಲದಿದ್ದರೆ ಆಟೋದಲ್ಲಿ ಹೋಗಿ.