ಡಾಕ್ಟರ್ ಹೂ ಅನ್ನೋ ಬ್ರಿಟಿಷ್ ಟಿವಿ ಸರಣಿಯಲ್ಲಿ, ಕಾಲದಲ್ಲಿ ಹಿಂದೆ ಮುಂದೆ ಪ್ರಯಾಣ ಮಾಡೋ ಡಾಕ್ಟರ್‌ನ ಜೊತೆಗಾರರು ಬರೀ ಪ್ರಶ್ನೆ ಕೇಳೋಕೆ ಇರ್ತಾರಾ?

ಅದೂ ಒಂದು ಕೆಲಸ, ಆದರೆ ಅಷ್ಟೇ ಅಲ್ಲ. 1963ರಲ್ಲಿ ಡಾಕ್ಟರ್ ಜೊತೆ ಮೊಮ್ಮಗಳು ಸೂಸನ್, ಇತಿಹಾಸದ ಟೀಚರ್ ಬಾರ್ಬರಾ, ವಿಜ್ಞಾನದ ಟೀಚರ್ ಇಯಾನ್ ಇದ್ದರು. 2005ರಲ್ಲಿ ರೋಸ್ ಬಂದಾಗ ಬರೆಯುವ ರೀತಿಯೇ ಬದಲಾಯಿತು. ಅವಳು ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ದಿನಾ ಕಾಣುವ ಹುಡುಗಿಯರ ಹಾಗೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಳಿಗೊಬ್ಬ ಅಮ್ಮ ಇದ್ದಾಳೆ, ಮಗಳು ಒಂದು ವರ್ಷ ಕಾಣದೇ ಹೋದಾಗ ಆ ಅಮ್ಮ ಪಟ್ಟ ಸಂಕಟವನ್ನೂ ಕಥೆ ತೋರಿಸುತ್ತದೆ. ಹಾಗಾಗಿ ಪ್ರಯಾಣಕ್ಕೆ ಬೆಲೆ ಇದೆ ಅಂತ ನಮಗೂ ತಟ್ಟುತ್ತದೆ, ಅಲ್ವಾ? ನನಗೆ ಜಾಸ್ತಿ ಇಷ್ಟ ಆಮೇಲೆ ಬಂದ ಜೊತೆಗಾರ್ತಿ ಡೊನ್ನಾ. ಡಾಕ್ಟರ್ ಮಿತಿ ಮೀರಿದಾಗ ಸಾಕು ನಿಲ್ಲಿಸು ಅಂತ ಅವನಿಗೇ ಹೇಳುತ್ತಾಳೆ. 2008ರಲ್ಲಿ ಅವಳ ನೆನಪನ್ನೇ ಅಳಿಸಿದ್ದು ದೊಡ್ಡ ಅನ್ಯಾಯ. ಅದು ವಾಪಸ್ ಬರೋಕೆ 2023 ಆಗಬೇಕಾಯಿತು.